ದೋರಸಮುದ್ರದ ಆ ಗುರುವಾರ

ವಾರ್ತೆಗೆ ಮುನ್ನ ರೇಡಿಯೋದಲ್ಲಿ ಬರುತ್ತಿದ್ದ ಸಮಯಸೂಚಕ ಸದ್ದನ್ನು ಕೇಳಿ ಗಡಿಯಾರ ತಿದ್ದಿಕೊಳ್ಳುವ ಪದ್ಧತಿ ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ ಮನೆಮನೆಗೂ ಇದ್ದಿತು. ಅಜ್ಜನ ಗೋಡೆಗಡಿಯಾರ ಐದು ನಿಮಿಷ ಮುಂದೆ. ಸೋದರಮಾವನ ಕೈಗಡಿಯಾರ ಮೂರು ನಿಮಿಷ ಹಿಂದೆ. ನಡುಮನೆಯ ಅಲಾರಮು ತನಗೆ ತೋಚಿದಂತೆ. ಪ್ರತಿಯೊಬ್ಬರೂ ತಮ್ಮದೇ ಸರಿಯೆಂದು ವಾದಿಸುತ್ತಿರುವಾಗ ಆ ಸದ್ದು ಬಂದರೆ ವಾದ ಮುಗಿಯುತ್ತಿತ್ತು. ಅದು ಅಜ್ಜನ ಪಕ್ಷವೂ ಅಲ್ಲ, ಮಾವನ ಪಕ್ಷವೂ ಅಲ್ಲ. ಎಲ್ಲರಿಗೂ ಒಮ್ಮೆಗೇ ಕೇಳಿಸುವಂಥದು; ಯಾರೂ ತಿದ್ದಲಾರದಂಥದು.

ಇತಿಹಾಸವನ್ನು ಬರೆಯುವವರಿಗೂ ಇಂಥ ಒಂದು ಸದ್ದು ಬೇಕಾಗುತ್ತದೆ. ಒಂದೇ ಘಟನೆಯನ್ನು ನಾಲ್ಕು ಮಂದಿ ಬರೆದಿಟ್ಟಿದ್ದರೆ ನಾಲ್ವರ ಗಡಿಯಾರವೂ ನಾಲ್ಕು ಬಗೆ. ಅವುಗಳನ್ನು ತಾಳೆ ನೋಡುವುದು ಹೇಗೆಂಬುದನ್ನು ಹಳೇಬೀಡಿನ ಒಂದು ಪ್ರಸಂಗದ ಮೂಲಕ ಇಲ್ಲಿ ವಿಚಾರಿಸೋಣ. ಅದಕ್ಕೆ ಪೀಠಿಕೆಯಾಗಿ ಒಂದು ಮದುವೆಯ ಮಾತನ್ನು ಹೇಳಬೇಕಾಗಿದೆ.

ಪರಿಚಯದ ಹುಡುಗನೊಬ್ಬ ಮದುವೆಯ ವೀಡಿಯೋವನ್ನು ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದುದನ್ನು ಈಚೆಗೆ ಪಕ್ಕದಲ್ಲಿ ಕುಳಿತು ನೋಡಿದೆ. ಮೂರು ಕ್ಯಾಮೆರಾಗಳನ್ನು ಇಟ್ಟಿದ್ದರಂತೆ: ಒಂದು ಮಂಟಪದ ಎದುರಿಗೆ, ಒಂದು ಪಕ್ಕದ ಕಂಬದ ಬಳಿ, ಇನ್ನೊಂದು ಛತ್ರದ ಮಹಡಿಯ ಮೇಲೆ. ಮೂರೂ ಬೇರೆ ಬೇರೆ ಹೊತ್ತಿಗೆ ಓಡಲು ಪ್ರಾರಂಭಿಸಿವೆ. ಕಂಬದ ಬಳಿಯದು ನಡುವೆ ನಿಂತು ಮತ್ತೆ ಹೊರಟಿದೆ. ಮಹಡಿಯದರಲ್ಲಿ ತಾರೀಖು ಇನ್ನೂ ಹಿಂದಿನ ವರ್ಷದ್ದು. ಮೂರನ್ನೂ ಹಾಗೆಯೇ ಒಟ್ಟಿಗೆ ಓಡಿಸಿದರೆ ಒಬ್ಬನೇ ವರ ಒಬ್ಬಳೇ ವಧುವಿಗೆ ಮೂರು ಸಲ ತಾಳಿ ಕಟ್ಟಿದಂತೆ ಕಾಣುತ್ತದೆ.

"ಇದನ್ನು ಹೇಗಪ್ಪ ಸರಿಪಡಿಸುತ್ತೀಯೆ?" ಎಂದು ಕೇಳಿದೆ.

"ಗಟ್ಟಿಮೇಳ ಇದೆಯಲ್ಲ ಸಾರ್," ಎಂದ.

ಚಿತ್ರದ ಜೊತೆಯಲ್ಲಿ ಧ್ವನಿಯೂ ದಾಖಲಾಗಿರುತ್ತದೆ. ಧ್ವನಿಯ ಏರಿಳಿತ ಪರದೆಯ ಮೇಲೆ ಬೆಟ್ಟಸಾಲಿನಂತೆ ಕಾಣುತ್ತದೆ. ಗಟ್ಟಿಮೇಳದ ಮೊದಲ ಡೋಲಿನ ಏಟು ಬಿದ್ದ ಕಡೆ ಮೂರು ಸಾಲುಗಳಲ್ಲಿಯೂ ಒಂದು ಕಡಿದಾದ ಶಿಖರ. ಆ ಮೂರು ಶಿಖರಗಳನ್ನು ಒಂದೇ ಗೆರೆಗೆ ತಂದರೆ ಚಿತ್ರಗಳು ತಾವಾಗಿ ಹೊಂದಿಕೊಳ್ಳುತ್ತವೆ. ಚಲನಚಿತ್ರದವರು ಎರಡು ಹಲಗೆಗಳನ್ನು ಕ್ಯಾಮೆರಾದೆದುರಿಗೆ ಪಟ್ಟನೆ ಬಡಿಯುವುದೂ ಇದೇ ಉದ್ದೇಶದಿಂದ: ಹಲಗೆ ಕೂಡಿದ ಚಿತ್ರಕ್ಕೂ 'ಪಟ್' ಎಂಬ ಸದ್ದಿಗೂ ಗಂಟು ಹಾಕುವುದು.

ಆ ಹುಡುಗ ಮತ್ತೆರಡು ಸೂಕ್ಷ್ಮಗಳನ್ನೂ ತೋರಿಸಿಕೊಟ್ಟ. ಮೊದಲನೆಯದು ದೂರದ ಮಾತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ಡೋಲಿನಿಂದ 68 ಮೀಟರು ದೂರದಲ್ಲಿರುವ ಕ್ಯಾಮೆರಾಕ್ಕೆ ಆ ಏಟು ಕೇಳಿಸುವುದು ಸೆಕೆಂಡಿನ ಐದನೆಯ ಒಂದು ಪಾಲು ತಡವಾಗಿ. ಸೆಕೆಂಡಿಗೆ 25 ಫ್ರೇಮುಗಳ ಲೆಕ್ಕದಲ್ಲಿ ಅದು ಐದು ಫ್ರೇಮುಗಳ ವ್ಯತ್ಯಾಸ. ಎರಡನೆಯದು ಓಟದ ಮಾತು. ಪ್ರಾರಂಭದಲ್ಲಿ ಸರಿಯಾಗಿ ಕೂಡಿಸಿದ ಎರಡು ಚಿತ್ರಗಳೂ ಒಂದು ಗಂಟೆ ಕಳೆಯುವಷ್ಟರಲ್ಲಿ ಕೊಂಚ ಜಾರಬಹುದು. ಎರಡು ಯಂತ್ರಗಳ ಒಳಗಡಿಯಾರಗಳು ಕೂದಲೆಳೆಯಷ್ಟಾದರೂ ಬೇರೆಯಾಗಿರುತ್ತವೆ. ಆದುದರಿಂದ ಒಂದು ಗುರುತು ಸಾಲದು. ಕೊನೆಯಲ್ಲಿಯೂ ಒಂದನ್ನು ಹುಡುಕಿ ತಾಳೆ ನೋಡಬೇಕು.

ಅಲ್ಲಿಂದ ಎದ್ದು ಬರುವಾಗ ನನಗೆ ನೆನಪಾದದ್ದು ಹಳೇಬೀಡು. ಅಲ್ಲಿಯ ಗುಡಿಗಳನ್ನು ಕ್ಯಾಮೆರಾ ಕಂಡದ್ದು 1850ರ ದಶಕದಲ್ಲಿ. ಓಕ್ಲಿ ಎಂಬ ಸೈನ್ಯಾಧಿಕಾರಿ ತೆಗೆದ ಛಾಯಾಚಿತ್ರಗಳು 1859ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದುವು. ಆದರೆ ಈ ಊರು ದೋರಸಮುದ್ರವೆಂಬ ಹೆಸರಿನಿಂದ ಹೊಯ್ಸಳರ ರಾಜಧಾನಿಯಾಗಿದ್ದಾಗ ನಡೆದ ದೊಡ್ಡ ಘಟನೆಗಳಿಗೆ ಕ್ಯಾಮೆರಾಗಳ ಬದಲು ಬರಹಗಾರರಿದ್ದರು. ಒಬ್ಬ ಕಲ್ಲಿನ ಮೇಲೆ ಬರೆದ, ಇನ್ನೊಬ್ಬ ಕಾಗದದ ಮೇಲೆ. ಒಬ್ಬ ಕನ್ನಡದಲ್ಲಿ, ಇನ್ನೊಬ್ಬ ಪಾರಸಿಯಲ್ಲಿ. ಒಬ್ಬನದು ಶಕವರ್ಷ, ಇನ್ನೊಬ್ಬನದು ಹಿಜರಿ. ಇವರ ಚಿತ್ರಗಳನ್ನು ಒಂದೇ ಗೆರೆಗೆ ತರುವುದಕ್ಕೆ ಗಟ್ಟಿಮೇಳ ಯಾವುದು?

ಮೊದಲು ನಮ್ಮ ಶಾಸನಗಳ ಕ್ರಮವನ್ನು ನೋಡೋಣ. ಶಾಸನ ಬರೆಸಿದವರು ಕಾಲದ ವಿಷಯದಲ್ಲಿ ಜಿಪುಣರಲ್ಲ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಇಷ್ಟನ್ನೂ ಹೇಳುವುದು ವಾಡಿಕೆ. ಸಂಕ್ರಮಣವೋ ಗ್ರಹಣವೋ ಇದ್ದರೆ ಅದನ್ನೂ ಸೇರಿಸುತ್ತಾರೆ. ಓದುವವನಿಗೆ ಇದು ಪುರೋಹಿತರ ಸಂಕಲ್ಪದಂತೆ ಬೇಸರ ಹುಟ್ಟಿಸಬಹುದು. ಲೆಕ್ಕ ಮಾಡುವವನಿಗೆ ಮಾತ್ರ ಇದಕ್ಕಿಂತ ಉಪಕಾರ ಬೇರೆಯಿಲ್ಲ. ಒಂದೊಂದು ಅಂಗವೂ ಮತ್ತೊಂದಕ್ಕೆ ಸಾಕ್ಷಿ ಹೇಳುತ್ತದೆ.

ಒಂದು ಉದಾಹರಣೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯ ಶಾಸನದ ವರ್ಷ ಶಕ 1039, ಹೇಮಳಂಬಿ ಸಂವತ್ಸರ. ಶಕವರ್ಷವನ್ನು ಎಣಿಸುವುದರಲ್ಲಿ ಕಳೆದುಹೋದ ವರ್ಷವನ್ನು ಹೇಳುವ ಪದ್ಧತಿಯೊಂದು, ನಡೆಯುತ್ತಿರುವ ವರ್ಷವನ್ನು ಹೇಳುವ ಪದ್ಧತಿಯೊಂದು. ಎರಡಕ್ಕೂ ಒಂದು ವರ್ಷದ ಅಂತರ. ಹಾಗಾದರೆ ಪ್ರತಿಷ್ಠೆಯಾದದ್ದು 1116ರಲ್ಲೋ 1117ರಲ್ಲೋ? ಸಂವತ್ಸರದ ಹೆಸರು ತೀರ್ಪು ಕೊಡುತ್ತದೆ. 1116ರಲ್ಲಿ ಪ್ರಾರಂಭವಾದದ್ದು ದುರ್ಮುಖಿ, ಹೇಮಳಂಬಿ 1117ರದು. ಅಂಕಿ ತಡವರಿಸಿದಲ್ಲಿ ಹೆಸರು ಕೈಹಿಡಿಯಿತು.

ಹಳೇಬೀಡಿನ ಬಸ್ತಿಹಳ್ಳಿಯಲ್ಲಿರುವ ಪಾರ್ಶ್ವನಾಥ ಬಸದಿಯ ಶಾಸನ ಇನ್ನೂ ಸ್ವಾರಸ್ಯವಾದದ್ದು. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ ಆ ಬಸದಿಯನ್ನು ಕಟ್ಟಿಸಿದ, ವರ್ಷ 1133. ಪ್ರತಿಷ್ಠೆಯ ಪ್ರಸಾದವನ್ನು ತೆಗೆದುಕೊಂಡು ಅರ್ಚಕರು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಹೋದರಂತೆ. ಅರಸ ಆಗತಾನೆ ಮಸಣನೆಂಬ ಶತ್ರುವನ್ನು ಗೆದ್ದಿದ್ದ. ಅದೇ ಸಮಯಕ್ಕೆ ಅವನಿಗೆ ಮಗನೂ ಹುಟ್ಟಿದ್ದ. ಸಂತೋಷದಿಂದ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ರಾಜಧಾನಿಯಲ್ಲಿ ಪ್ರತಿಷ್ಠೆ, ದೂರದ ಬಂಕಾಪುರದ ಸೀಮೆಯಲ್ಲಿ ಯುದ್ಧ, ಅರಮನೆಯಲ್ಲಿ ಜನನ: ಮೂರು ಕಡೆಯ ಮೂರು ಸಂಗತಿಗಳನ್ನು ಒಂದೇ ಕಲ್ಲು ಒಂದೇ ಗಂಟಿನಲ್ಲಿ ಕಟ್ಟಿಕೊಟ್ಟಿದೆ. ಇಂಥ ಅದೃಷ್ಟ ಇತಿಹಾಸಕಾರನಿಗೆ ಪದೇ ಪದೇ ಒದಗುವುದಿಲ್ಲ. ಹೆಚ್ಚಾಗಿ ಅವನು ತಾನೇ ಕುಳಿತು ಗಂಟು ಹಾಕಬೇಕು.

ಅಂಥ ಒಂದು ಪ್ರಸಂಗ ಮಲಿಕ್ ಕಾಫೂರನ ದಂಡಯಾತ್ರೆ. ದಿಲ್ಲಿಯ ಸುಲ್ತಾನ ಅಲಾಉದ್ದೀನ್ ಖಿಲ್ಜಿಯ ಸೇನಾಪತಿಯಾದ ಈತ ದೋರಸಮುದ್ರದ ಮೇಲೆ ಬಂದಾಗ ಸಿಂಹಾಸನದಲ್ಲಿದ್ದವನು ಮುಮ್ಮಡಿ ಬಲ್ಲಾಳ. ಈ ಸಂಗತಿಯನ್ನು ಬರೆದವರಲ್ಲಿ ಮೊದಲಿಗ ದಿಲ್ಲಿಯ ಕವಿ ಅಮೀರ್ ಖುಸ್ರೋ. ಅವನ ಗದ್ಯಗ್ರಂಥ 'ಖಜಾಇನುಲ್ ಫುತೂಹ್' ದಂಡಯಾತ್ರೆ ಮುಗಿದ ಬೆನ್ನಿಗೇ ಸಿದ್ಧವಾಯಿತು. ಅವನು ಉಪಮೆಗಳ ಮಳೆಗರೆಯುವವನು. ಆದರೂ ದಿನ ತಾರೀಖುಗಳನ್ನು ಬಿಡುವುದಿಲ್ಲ. ರಂಜಾನ್ ತಿಂಗಳ 23, ಭಾನುವಾರ, ಮಲಿಕ್ ಕಾಫೂರ್ ಆಯ್ದ ಅಶ್ವಸೈನ್ಯದೊಡನೆ ಹೊರಟ. ಬೆಟ್ಟ ಕಣಿವೆಗಳನ್ನೂ ಮುಳ್ಳುಕಾಡುಗಳನ್ನೂ ದಾಟುತ್ತ ಹನ್ನೆರಡು ದಿನ ನಡೆದು ಷವ್ವಾಲ್ 5ರಂದು ದೋರಸಮುದ್ರದ ಕೋಟೆಯನ್ನು ಮುಟ್ಟಿದ. ಷವ್ವಾಲ್ 18, ಬುಧವಾರ, ಅಲ್ಲಿಂದ ಮಾಬರ್ ಎಂದರೆ ಪಾಂಡ್ಯರ ನಾಡಿನ ಕಡೆಗೆ ಹೊರಟ. ವರ್ಷ ಹಿಜರಿ 710.

ಈಗ ಓದುಗರು ಒಂದು ಪೆನ್ಸಿಲು ಹಿಡಿದುಕೊಂಡರೆ ಒಳ್ಳೆಯದು. ಹದಿನೆಂಟು ಬುಧವಾರವಾದರೆ ಹನ್ನೊಂದೂ ಬುಧವಾರ, ನಾಲ್ಕೂ ಬುಧವಾರ. ಆದುದರಿಂದ ದಂಡು ಬಂದಿಳಿದ ಐದನೆಯ ದಿನ ಗುರುವಾರ. ಇನ್ನೊಂದು ಕಡೆಯಿಂದ ಬರೋಣ. ರಂಜಾನ್ 23 ಭಾನುವಾರ. ಹಾಗಾದರೆ 29 ಶನಿವಾರ. ಹಿಜರಿ ತಿಂಗಳು ಚಂದ್ರದರ್ಶನವನ್ನು ಅವಲಂಬಿಸಿ 29 ದಿನವಾಗಬಹುದು, 30 ಆಗಬಹುದು. ರಂಜಾನ್ 30 ದಿನವಾಗಿದ್ದರೆ ಷವ್ವಾಲ್ 1 ಸೋಮವಾರವಾಗಿ 5 ಶುಕ್ರವಾರವಾಗುತ್ತದೆ, ಲೆಕ್ಕ ಕೂಡುವುದಿಲ್ಲ. 29 ದಿನವಾಗಿದ್ದರೆ ಷವ್ವಾಲ್ 1 ಭಾನುವಾರ, 5 ಗುರುವಾರ, ಕೂಡುತ್ತದೆ. ಭಾನುವಾರದಿಂದ ಮುಂದಿನ ವಾರದ ಗುರುವಾರದವರೆಗೆ ಬೆರಳು ಮಡಿಸಿದರೆ ಸರಿಯಾಗಿ ಹನ್ನೆರಡು ದಿನ. ಹೀಗೆ ಆ ವರ್ಷದ ರಂಜಾನ್ 29 ದಿನಕ್ಕೇ ಮುಗಿಯಿತೆಂಬುದು ಖುಸ್ರೋ ಬಾಯಿಬಿಟ್ಟು ಹೇಳದೆ ಹೋದರೂ ಅವನ ವಾರಗಳಿಂದಲೇ ಹೊರಡುತ್ತದೆ.

ಸಾಮಾನ್ಯವಾಗಿ ಬಳಸುವ ಕೋಷ್ಟಕದಲ್ಲಿ ರಂಜಾನಿಗೆ ಯಾವಾಗಲೂ 30 ದಿನ. ಅದನ್ನೇ ನಂಬಿದವನಿಗೆ ರಂಜಾನ್ 23 ಶನಿವಾರವಾಗಿ ಕಂಡು, "ಖುಸ್ರೋ ತಪ್ಪು ಬರೆದ" ಎನ್ನುವಂತಾಗುತ್ತದೆ. ತಪ್ಪಿದವನು ಖುಸ್ರೋ ಅಲ್ಲ. ಆಕಾಶದ ಚಂದ್ರನ ಬದಲು ಕೋಷ್ಟಕದ ಚಂದ್ರನನ್ನು ನೋಡಿದವನು.

ಹೊರಗಿನ ಸಾಕ್ಷಿಯೂ ಇದಕ್ಕೆ ಒಪ್ಪುತ್ತದೆ. ಷವ್ವಾಲ್ 5, ಗುರುವಾರ ಎಂಬುದು ಕ್ರಿಸ್ತಶಕ 1311ರ ಫೆಬ್ರವರಿ 25. ಇದು ಆಗಿನ ಜೂಲಿಯನ್ ಲೆಕ್ಕ. ಈಗಿನ ಕ್ಯಾಲೆಂಡರನ್ನೇ ಹಿಂದಕ್ಕೆ ಹೊರಳಿಸಿದರೆ ಎಂಟು ದಿನ ಸೇರಿ ಮಾರ್ಚ್ 5 ಆಗುತ್ತದೆ. ತಾರೀಖಿನ ಹೆಸರು ಬದಲಾಗಬಹುದು, ಗುರುವಾರ ಬದಲಾಗುವುದಿಲ್ಲ. ಏಳು ವಾರಗಳ ಸರಪಳಿ ಹಿಂದೂ, ಮುಸಲ್ಮಾನ, ಕ್ರೈಸ್ತ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ. ನಮ್ಮ ಪ್ರಸಂಗಕ್ಕೆ ಗಟ್ಟಿಮೇಳವೆಂದರೆ ಈ ವಾರ. ಗ್ರಹಣವಾದರೆ ಇನ್ನೂ ಗಟ್ಟಿ. ಅದನ್ನು ಯಾವ ಅರಸನೂ ಮುಂದೂಡಲಾರ. 1896ರಲ್ಲಿ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ಕೂಡಿ ಪ್ರಕಟಿಸಿದ ಪಂಚಾಂಗ ಗ್ರಂಥವೂ, 1922ರಲ್ಲಿ ಸ್ವಾಮಿಕಣ್ಣು ಪಿಳ್ಳೆಯವರು ಹೊರತಂದ, 700ರಿಂದ 1799ರವರೆಗಿನ ದಿನಗಳನ್ನು ತೋರಿಸುವ ಸಂಪುಟಗಳೂ ಈ ಕೆಲಸಕ್ಕೆಂದೇ ಹುಟ್ಟಿದುವು. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ಒಂದು ಕೈಯಲ್ಲಿಯೂ ಇಂಥ ಪಂಚಾಂಗವನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು ಕುಳಿತವರ ಶ್ರಮದ ಫಲವನ್ನು ನಾವು ಪಠ್ಯಪುಸ್ತಕದ ಒಂದು ಸಾಲಿನಲ್ಲಿ ಓದಿ ಮುಗಿಸುತ್ತೇವೆ.

ತಾರೀಖು ಗೊತ್ತಾದರೆ ಏನಾಯಿತು ಎಂದು ಕೆಲವರು ಕೇಳಬಹುದು. ಅದನ್ನು ನಮ್ಮ ಪಂಚಾಂಗದ ಮೇಲೆ ಇಟ್ಟು ನೋಡಿ. ಅಂದು ಶಕ 1232, ಸಾಧಾರಣ ಸಂವತ್ಸರ, ಫಾಲ್ಗುಣ ಶುದ್ಧ; ತಿಥಿ ಷಷ್ಠಿಯ ಆಸುಪಾಸು. ಅದಕ್ಕೆ ಹಿಂದಿನ ಅಮಾವಾಸ್ಯೆ ಫೆಬ್ರವರಿ 19ರ ಸುಮಾರಿಗೆ. ಎಂದರೆ ಮಾಘ ಬಹುಳ ಚತುರ್ದಶಿ, ಮಹಾಶಿವರಾತ್ರಿ, 17ರ ಆಸುಪಾಸಿನ ರಾತ್ರಿ. ಆ ವೇಳೆಗೆ ದಂಡು ಹೊರಟು ಮೂರು ನಾಲ್ಕು ದಿನಗಳಾಗಿದ್ದುವು. ಇತ್ತ ಹೊಯ್ಸಳೇಶ್ವರನ ಊರಿಗೆ ಶಿವರಾತ್ರಿಯ ಉಪವಾಸ ಬಂದ ದಿನಗಳಲ್ಲೇ ಅತ್ತ ಮುಳ್ಳುಕಾಡಿನಲ್ಲಿ ನಡೆದು ಬರುತ್ತಿದ್ದ ದಂಡಿಗೆ ರಂಜಾನಿನ ಕೊನೆಯ ವಾರ. ಇಲ್ಲಿ ಅಮಾವಾಸ್ಯೆ ಕಳೆದು ಎಳೆಯ ಚಂದ್ರ ಕಂಡ ಸಂಜೆಯ ಮರುದಿನ, ಫೆಬ್ರವರಿ 21ರ ಭಾನುವಾರ, ಅವರಿಗೆ ಈದ್. ಎರಡು ಕಡೆಯವರೂ ನೋಡಿದ್ದು ಒಂದೇ ಚಂದ್ರನನ್ನು. ಗುರುವಾರದ ಹೊತ್ತಿಗೆ ಆ ಚಂದ್ರ ಅರ್ಧದ ಹತ್ತಿರಕ್ಕೆ ಬಂದಿದ್ದ. ದಂಡು ಕೋಟೆಯ ಮುಂದೆ ಇದ್ದಿತು. ಶಾಸನದಲ್ಲಾಗಲಿ ಪಾರಸಿ ಗ್ರಂಥದಲ್ಲಾಗಲಿ ಈ ಚಿತ್ರ ಪೂರ್ತಿಯಾಗಿ ಇಲ್ಲ. ಎರಡು ಪಂಚಾಂಗಗಳನ್ನು ಒಂದೇ ಗೆರೆಗೆ ತಂದಾಗ ಅದು ಕಾಣಬರುತ್ತದೆ.

ಬಲ್ಲಾಳ ಸಂಧಿಗೆ ಒಪ್ಪಿದ. ಆನೆ ಕುದುರೆಗಳನ್ನೂ ಭಂಡಾರವನ್ನೂ ಕೊಟ್ಟ. ಇನ್ನು ಇತರ ಕ್ಯಾಮೆರಾಗಳ ಕಡೆಗೆ ತಿರುಗೋಣ. ಜಿಯಾಉದ್ದೀನ್ ಬರನಿ ತನ್ನ ಗ್ರಂಥವನ್ನು ಮುಗಿಸಿದ್ದು 1357ರಲ್ಲಿ, ಘಟನೆ ನಡೆದ 46 ವರ್ಷಗಳ ಮೇಲೆ. ದಕ್ಷಿಣದ ಯಾತ್ರೆಯನ್ನೆಲ್ಲ ಮುಗಿಸಿ ಸೇನೆ ದಿಲ್ಲಿಗೆ ತಂದ ಸಂಪತ್ತಿನ ಲೆಕ್ಕದಲ್ಲಿ ಖುಸ್ರೋ 512 ಆನೆ, 5,000 ಕುದುರೆ ಎಂದಿದ್ದಾನೆ. ಬರನಿ 612 ಆನೆ, 20,000 ಕುದುರೆ ಎನ್ನುತ್ತಾನೆ. ಮಹಡಿಯ ಮೇಲಿನ ಕ್ಯಾಮೆರಾಕ್ಕೆ ಡೋಲು ತಡವಾಗಿ ಕೇಳಿಸಿದ ಹಾಗೆಯೇ ಇದು. ಆದರೆ ಒಂದು ವ್ಯತ್ಯಾಸವುಂಟು. ದೂರ ಹೋದಷ್ಟೂ ಡೋಲಿನ ಸದ್ದು ಸಣ್ಣದಾಗುತ್ತದೆ. ಕೊಳ್ಳೆಯ ಲೆಕ್ಕ ಮಾತ್ರ ದೊಡ್ಡದಾಗುತ್ತದೆ.

ಇಸಾಮಿ 1350ರ ಸುಮಾರಿಗೆ ಬಹಮನಿ ಆಸ್ಥಾನಕ್ಕಾಗಿ ಬರೆದವನು. ಅವನ ಪ್ರಕಾರ ಬಲ್ಲಾಳ ತಾನೇ ದಿಲ್ಲಿಗೆ ಹೋಗಿ ಸುಲ್ತಾನನಿಂದ ಮರ್ಯಾದೆ ಪಡೆದ. ಶಿವಮೊಗ್ಗ ಸೀಮೆಯ 1313ರ ಕನ್ನಡ ಶಾಸನ ಹೇಳುವುದು ಬೇರೆ: ದಿಲ್ಲಿಯಿಂದ ಹಿಂದಿರುಗಿ ಬಂದವನು ಬಲ್ಲಾಳನ ಮಗ ವಿರೂಪಾಕ್ಷ, ಆ ಸಂತೋಷಕ್ಕಾಗಿ ದಾನ. ತಂದೆ ಹೋದನೋ ಮಗ ಹೋದನೋ? ಇಸಾಮಿ ಎರಡು ತಲೆಮಾರು ಕಳೆದ ಮೇಲೆ ಕೇಳಿ ಬರೆದವನು. ಶಾಸನ ಆ ಸಮಯದಲ್ಲೇ ಹುಟ್ಟಿದ್ದು. ಮನಸ್ಸು ಶಾಸನದ ಕಡೆಗೆ ವಾಲುವುದು ಸಹಜ. ಆದರೆ ಒಂದು ಅಂಶದಲ್ಲಿ ಇಬ್ಬರೂ ಒಂದೇ ಗೆರೆಗೆ ಬರುತ್ತಾರೆ: ಯುದ್ಧದ ಬಳಿಕ ಹೊಯ್ಸಳರ ಮನೆಯವರೊಬ್ಬರು ದಿಲ್ಲಿಯನ್ನು ಕಂಡು ಬಂದರು. ಹಗೆಗಳೆನಿಸಿದ ಎರಡು ಭಾಷೆಗಳ ಸಾಕ್ಷಿಗಳು ಇಷ್ಟರಮಟ್ಟಿಗೆ ಕೂಡಿದುದೇ ಒಂದು ಲಾಭ.

ಹೊಂದಿಸುವುದೆಂದರೆ ಎಲ್ಲರ ಬಾಯಲ್ಲಿಯೂ ಒಂದೇ ಮಾತನ್ನು ಹೇಳಿಸುವುದಲ್ಲ. ಮದುವೆಯ ಹುಡುಗ ಮಹಡಿಯ ಚಿತ್ರವನ್ನು ಕತ್ತರಿಸಿ ಮಂಟಪದ ಚಿತ್ರದಂತೆ ಮಾಡಲಿಲ್ಲ. ಹೊತ್ತನ್ನು ಮಾತ್ರ ಸರಿಪಡಿಸಿದ. ನೋಟವನ್ನು ಹಾಗೆಯೇ ಬಿಟ್ಟ. ಹೊತ್ತು ಸರಿಹೋದ ಮೇಲೆ ಯಾವ ಕ್ಯಾಮೆರಾ ಏನನ್ನು ಕಂಡಿತು, ಏನನ್ನು ಕಾಣಲಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಖುಸ್ರೋ ಕಂಡದ್ದು ಗೆದ್ದವರ ಕಡೆಯಿಂದ. ಶಿವಮೊಗ್ಗದ ಕಲ್ಲು ಕಂಡದ್ದು ಮನೆಗೆ ಬಂದ ಮಗನನ್ನು.

ಮದುವೆಯ ಹುಡುಗ ಹೇಳಿದ ಜಾರಾಟವೂ ಇಲ್ಲಿ ಉಂಟು. ಹಿಜರಿ ವರ್ಷಕ್ಕೆ ಸುಮಾರು 354 ದಿನ. ನಮ್ಮ ಚಾಂದ್ರಮಾನಕ್ಕೂ ಅಷ್ಟೇ. ಆದರೆ ಅಧಿಕಮಾಸ ಬಂದು ಅದನ್ನು ಸೂರ್ಯನ ಜೊತೆಗೆ ಮತ್ತೆ ಕೂಡಿಸುತ್ತದೆ. ಹಿಜರಿಯಲ್ಲಿ ಅಧಿಕಮಾಸವಿಲ್ಲ. ಹೀಗಾಗಿ 32 ಸೌರವರ್ಷಗಳು ಕಳೆಯುವಷ್ಟರಲ್ಲಿ ಅಲ್ಲಿ 33 ವರ್ಷಗಳು ಮುಗಿದಿರುತ್ತವೆ. ಒಂದು ಕಡೆ ಗಂಟು ಹಾಕಿ, ಮುಂದೆ ಬರಿಯ ವರ್ಷಗಳನ್ನು ಎಣಿಸುತ್ತ ಹೋದರೆ ಒಬ್ಬ ಮನುಷ್ಯನ ಆಯುಸ್ಸಿನೊಳಗೇ ಎರಡು ವರ್ಷ ತಪ್ಪುತ್ತದೆ. ಅದಕ್ಕೇ ಮತ್ತೆ ಮತ್ತೆ ಗಂಟು ಹಾಕಬೇಕು.

ಗಂಟು ಹಾಕದಿದ್ದರೆ ಏನಾಗುತ್ತದೆಂಬುದನ್ನು ಹಳೇಬೀಡಿನ ದೇವಸ್ಥಾನದ ಮುಂದೆಯೇ ಕೇಳಬಹುದು. "ಮಲಿಕ್ ಕಾಫೂರ್ ಬಂದ, ರಾಜಧಾನಿ ಹಾಳಾಯಿತು, ಹೊಯ್ಸಳರು ಮುಗಿದರು" ಎಂದು ಒಂದೇ ಉಸಿರಿನಲ್ಲಿ ಹೇಳುವವರುಂಟು. ಗೆರೆ ಎಳೆದು ನೋಡಿದರೆ ಹಾಗಿಲ್ಲ. ಮಲಿಕ್ ಕಾಫೂರ್ ಬಂದದ್ದು 1311ರ ಫೆಬ್ರವರಿಯಲ್ಲಿ, ಹೊರಟದ್ದು ಮಾರ್ಚ್ 10ರಂದು. ಮುಹಮ್ಮದ್ ಬಿನ್ ತುಘಲಕನ ಕಾಲದ ಎರಡನೆಯ ಆಘಾತ 1327ರ ಸುಮಾರಿಗೆ. ನಡುವೆ ಹದಿನಾರು ವರ್ಷ. ಮಗು ಹುಟ್ಟಿ ಯುವಕನಾಗುವಷ್ಟು ಕಾಲ. ಆ ವರ್ಷಗಳಲ್ಲಿ ಬಲ್ಲಾಳ ಆಳುತ್ತಲೇ ಇದ್ದ. ದಾನಶಾಸನಗಳು ಹುಟ್ಟುತ್ತಲೇ ಇದ್ದುವು. ಎರಡನೆಯ ಆಘಾತದ ತರುವಾಯವೂ ಅವನು ತಿರುವಣ್ಣಾಮಲೆಯಿಂದ ರಾಜ್ಯಭಾರ ಮಾಡಿದ. ಮಧುರೆಯ ಸುಲ್ತಾನನೊಡನೆ ಕಾದಿ ಮಡಿದದ್ದು 1342ರ ಸುಮಾರಿಗೆ. ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟುದರಿಂದ ಮೂವತ್ತು ವರ್ಷಗಳ ಹೋರಾಟವೇ ನಮ್ಮ ಕಣ್ಣಿನಿಂದ ಮರೆಯಾಯಿತು. ಆ ಮೂವತ್ತು ವರ್ಷ ಬದುಕಿ, ಉತ್ತು, ಬಿತ್ತು, ಕೆರೆ ಕಟ್ಟೆಗಳನ್ನು ಕಾಯ್ದುಕೊಂಡ ಜನರಿಗೆ ಇದರಿಂದ ಅನ್ಯಾಯವಾಗುತ್ತದೆ. ಅವರು ಮುಗಿದುಹೋಗಿರಲಿಲ್ಲ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ನೋಡಹೋಗುವವರೆಲ್ಲರ ಕೈಯಲ್ಲಿಯೂ ಈಗ ಕ್ಯಾಮೆರಾ ಇರುತ್ತದೆ. ಅಲ್ಲಿ ಯಾರಾದರೂ ಕಥೆ ಹೇಳಿದರೆ, "ಇದು ಯಾವ ವರ್ಷದ ಮಾತು?" ಎಂದು ಒಮ್ಮೆ ಮೆಲ್ಲಗೆ ಕೇಳಿ. ಅರ್ಧ ಇತಿಹಾಸ ಆ ಪ್ರಶ್ನೆಯಲ್ಲಿದೆ.

ಮನೆಗೆ ಬಂದ ಮೇಲೆ ಇನ್ನೊಂದು ಕೆಲಸ ಉಳಿದಿದೆ. ಪೆಟ್ಟಿಗೆಯ ತಳದಲ್ಲಿ ಅಜ್ಜ ಅಜ್ಜಿಯರ ಚಿತ್ರಗಳಿರುತ್ತವೆ; ಯಾರದೋ ಮದುವೆ, ಯಾರದೋ ಉಪನಯನ. ಗುರುತಿಸಿ ಹೇಳಬಲ್ಲ ಹಿರಿಯರು ಇನ್ನೂ ಜಗಲಿಯ ಮೇಲೆ ಕುಳಿತಿರುವಾಗಲೇ ಅವರನ್ನು ಕೇಳಿ, ಚಿತ್ರದ ಹಿಂಬದಿಗೆ ಹೆಸರು, ಊರು, ವರ್ಷಗಳನ್ನು ಬರೆದಿಡಿ. ತಾರೀಖು ನೆನಪಿಲ್ಲವೆಂದರೆ ಹಬ್ಬವನ್ನು ಕೇಳಿ, ಗ್ರಹಣವಿತ್ತೇ ಎಂದು ಕೇಳಿ, ಮಳೆಯನ್ನು ಕೇಳಿ. ಸಾಧ್ಯವಾದರೆ ವಾರವನ್ನೂ ಬರೆಯಿರಿ. ಏಳು ನೂರು ವರ್ಷಗಳ ಹಿಂದೆ ಒಬ್ಬ ಕವಿ 'ಬುಧವಾರ' ಎಂಬ ಒಂದು ಮಾತನ್ನು ಸೇರಿಸಿದುದರಿಂದಲೇ ದೋರಸಮುದ್ರದ ಆ ಗುರುವಾರ ನಮಗೆ ದಕ್ಕಿತು.